ಆದೇಶ ಕಾಗದದ ಮೇಲೆ, ಮಗು ತನ್ನ ಕಾಲ ಮೇಲೆ



ಶಿವಾಜಿನಗರ ಅಂದ ಕೂಡಲೇ ನಿಮ್ಮಲ್ಲಿ ಅರ್ಧ ಜನಕ್ಕೆ ಬೆಂಗಳೂರಿನ ರಸೆಲ್ ಮಾರ್ಕೆಟ್ ನೆನಪಾಗಿರುತ್ತೆ. ಇವತ್ತು ನಾವು ಹೋಗ್ತಿರೋದು ಇನ್ನೊಂದು ಶಿವಾಜಿನಗರಕ್ಕೆ, ಪುಣೆಯದ್ದಕ್ಕೆ. ಒಂದು ಕಾಲದಲ್ಲಿ ಭಾಂಬುರ್ಡೆ ಅನ್ನೋ ಹಳ್ಳಿಯಾಗಿದ್ದ ಜಾಗ ಇದು. ಈಗ ಜಿಲ್ಲಾ ನ್ಯಾಯಾಲಯ, ರೈಲು ನಿಲ್ದಾಣ, ಮೆಟ್ರೊ ಎಲ್ಲ ಒಟ್ಟಿಗೆ ಗಿಜಿಗುಡುವ ಪುಣೆಯ ಎದೆಭಾಗ. 2023ರ ಆಗಸ್ಟ್‌ನಿಂದ ಇಲ್ಲಿನ ಸಿವಿಲ್ ಕೋರ್ಟ್ ನಿಲ್ದಾಣದಲ್ಲಿ ಮೆಟ್ರೊದ ಎರಡು ಮಾರ್ಗಗಳು ಒಂದನ್ನೊಂದು ದಾಟುತ್ತವೆ. ಒಂದರಿಂದ ಇಳಿದು ಇನ್ನೊಂದಕ್ಕೆ ಹತ್ತುವವರ ಓಟ ಬೆಳಗಿನಿಂದ ರಾತ್ರಿವರೆಗೂ ನಿಲ್ಲುವುದಿಲ್ಲ.

ಅದೇ ಆವರಣದ ಪಕ್ಕದಲ್ಲಿ ಇನ್ನೊಂದು ಬಗೆಯ ಇಳಿದು ಹತ್ತುವ ಕೆಲಸವೂ ನಡೆಯುತ್ತದೆ. ಅಪ್ಪನ ಮನೆಯಿಂದ ಇಳಿದು ಅಮ್ಮನ ಮನೆ ಹತ್ತಬೇಕು, ಅಮ್ಮನ ಮನೆಯಿಂದ ಇಳಿದು ಅಪ್ಪನ ಮನೆ ಹತ್ತಬೇಕು. ಇಲ್ಲಿ ಪ್ರಯಾಣಿಕರು ಮಕ್ಕಳು. ಟಿಕೆಟ್ ಕೊಡುವುದು ಪುಣೆಯ ಕೌಟುಂಬಿಕ ನ್ಯಾಯಾಲಯ.

ಕೋರ್ಟು ಒಂದು ಏರ್ಪಾಡು ಮಾಡುತ್ತೆ. ಮಗು ಇಂಥವರ ಹತ್ತಿರ ಇರಬೇಕು, ಶನಿವಾರ ಇಷ್ಟು ಗಂಟೆಗೆ ಇನ್ನೊಬ್ಬರನ್ನು ನೋಡಬೇಕು, ಬೇಸಿಗೆ ರಜೆಯಲ್ಲಿ ಇಷ್ಟು ದಿನ ಅವರ ಮನೆಯಲ್ಲಿ ಕಳೆಯಬೇಕು. ಸಹಿ, ಮೊಹರು ಎಲ್ಲ ಆಯ್ತು. ಶನಿವಾರವೂ ಬಂತು. ಮಗು ಬಾಗಿಲ ಚೌಕಟ್ಟು ಹಿಡಿದುಕೊಂಡು "ನಾನು ಹೋಗಲ್ಲ" ಅಂದುಬಿಟ್ಟರೆ?

ಆಗೇನಾಗುತ್ತೆ? ಪೊಲೀಸರು ಎತ್ತಿಕೊಂಡು ಹೋಗ್ತಾರಾ? ಮಗುವಿಗೆ ಶಿಕ್ಷೆಯಾಗುತ್ತಾ? ಅಮ್ಮನಿಗೋ ಅಪ್ಪನಿಗೋ ದಂಡ ಬೀಳುತ್ತಾ? ಈ ಪ್ರಶ್ನೆಗೆ ಇವತ್ತಿನ ಉತ್ತರ ಅರ್ಥವಾಗಬೇಕಾದರೆ ನೂರೆಂಬತ್ತು ವರ್ಷ ಹಿಂದಕ್ಕೆ ಹೋಗಬೇಕು. ಬನ್ನಿ, ಹೋಗಿಬರೋಣ.

ಹನ್ನೆರಡರ ಹುಡುಗ ಮತ್ತು ಮುಂಬೈ ಕೋರ್ಟು

1843. ಮುಂಬೈಯಲ್ಲಿ ಸ್ಕಾಟ್ಲೆಂಡಿನ ಮಿಷನರಿಗಳು ನಡೆಸುತ್ತಿದ್ದ ಶಾಲೆ. ಅಲ್ಲಿ ಕಲಿಯುತ್ತಿದ್ದ ನಾರಾಯಣ ಶೇಷಾದ್ರಿ ಎಂಬ ಬ್ರಾಹ್ಮಣ ಯುವಕ ಕ್ರೈಸ್ತನಾದ. ಅವನ ತಮ್ಮ ಶ್ರೀಪತಿಗೆ ಆಗ ಸುಮಾರು ಹನ್ನೆರಡು ವರ್ಷ. ಅವನೂ ಅಣ್ಣನ ಹಿಂದೆಯೇ ಹೋಗಿ ಮಿಷನರಿ ರಾಬರ್ಟ್ ನೆಸ್ಬಿಟ್ ಅವರ ಆಶ್ರಯದಲ್ಲಿ ಉಳಿದುಬಿಟ್ಟ. ತಂದೆ ಸುಮ್ಮನಿರಲಿಲ್ಲ, ಮುಂಬೈಯ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. (ಆಗಿನ್ನೂ ಹೈಕೋರ್ಟು ಹುಟ್ಟಿರಲಿಲ್ಲ. ಕಂಪನಿ ಕಾಲದ ಕೋರ್ಟಿಗೇ ಆ ಹೆಸರು.) ಹುಡುಗನನ್ನು ಹಾಜರುಪಡಿಸಿ ಎಂದು ಹೇಬಿಯಸ್ ಕಾರ್ಪಸ್ ಆದೇಶ ಹೊರಟಿತು.

ಹುಡುಗ ಬಂದ. ತಂದೆಯ ಜೊತೆ ಹೋಗುವ ಮನಸ್ಸಿಲ್ಲ ಎಂಬುದನ್ನು ಅವನು ಮುಚ್ಚಿಡಲಿಲ್ಲ. ನ್ಯಾಯಮೂರ್ತಿ ಎರ್ಸ್ಕಿನ್ ಪೆರಿ ಅವರ ಮುಂದಿದ್ದ ಪ್ರಶ್ನೆ ಸರಳವಾಗಿ ಕಾಣುತ್ತೆ, ಆದರೆ ಇವತ್ತಿಗೂ ಮುಗಿದಿಲ್ಲ. ಹನ್ನೆರಡು ವರ್ಷದ ಹುಡುಗನ "ಒಲ್ಲೆ" ಎಂಬ ಮಾತಿಗೆ ಎಷ್ಟು ತೂಕ? ಅವನಿಗೆ ವಿವೇಚನೆ ಬಂದಿದೆಯೋ ಇಲ್ಲವೋ ಎಂದು ಒಬ್ಬೊಬ್ಬ ಮಗುವನ್ನೇ ಕೂರಿಸಿಕೊಂಡು ಪರೀಕ್ಷಿಸಬೇಕೋ, ಅಥವಾ ವಯಸ್ಸಿನ ಗೆರೆ ಎಳೆದು ಅದರ ಕೆಳಗಿದ್ದರೆ ತಂದೆಯ ಪಾಲು ಎನ್ನಬೇಕೋ?

ಕೋರ್ಟು ಎರಡನೆಯ ದಾರಿ ಹಿಡಿಯಿತು. ಹುಡುಗನನ್ನು ತಂದೆಗೆ ಒಪ್ಪಿಸಿತು.

ಕತೆ ಇಲ್ಲಿಗೆ ಮುಗಿಯಿತು ಅಂದ್ಕೊಂಡ್ರಾ? ಇಲ್ಲ. ಮನೆಗೆ ಬಂದ ಹುಡುಗನನ್ನು ಜಾತಿಯವರು ಒಳಗೆ ಸೇರಿಸಿಕೊಳ್ಳಬೇಕಲ್ಲ! ಮಿಷನರಿಗಳ ಮನೆಯಲ್ಲಿ ಉಂಡವನು ಎಂದು ಸಂಪ್ರದಾಯಸ್ಥರು ತಕರಾರು ತೆಗೆದರು. ಮರಾಠಿ ಪತ್ರಿಕೋದ್ಯಮದ ಮೊದಲಿಗ ಬಾಳಶಾಸ್ತ್ರಿ ಜಾಂಭೇಕರ್ ಹುಡುಗನ ಪರ ನಿಂತರು, ಪ್ರಾಯಶ್ಚಿತ್ತ ಮಾಡಿಸಿ ಸೇರಿಸಿಕೊಳ್ಳೋಣ ಎಂದು ವಾದಿಸಿದರು. ಅದಕ್ಕಾಗಿ ಅವರೂ ವಿರೋಧ ಎದುರಿಸಬೇಕಾಯಿತು. ಕೋರ್ಟಿಗೆ ಬೇಕಾಗಿದ್ದ, ತಂದೆಗೆ ಬೇಕಾಗಿದ್ದ ಹುಡುಗ ಊರಿಗೆ ಬೇಡವಾದ. ಅವನಿಗೆ ಏನು ಬೇಕಾಗಿತ್ತು ಎಂಬುದು ಈ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ.

ನಮ್ಮ ಮಂಗಳೂರಿನಲ್ಲಿ ಮರುವರ್ಷ

ಇದಾದ ಮರುವರ್ಷವೇ, 1844ರಲ್ಲಿ, ನಮ್ಮ ಮಂಗಳೂರಿನಲ್ಲಿ ಇದೇ ಬಗೆಯ ಬಿರುಗಾಳಿ ಎದ್ದಿತು. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಹೆಸರು ನಿಮಗೆ ಗೊತ್ತೇ ಇದೆ. 1843ರಲ್ಲಿ 'ಮಂಗಳೂರ ಸಮಾಚಾರ' ಆರಂಭಿಸಿದರಲ್ಲ, ಅವರೇ. ಅವರ ಬಳಿ ಓದುತ್ತಿದ್ದ ಸಾರಸ್ವತ ಮನೆತನದ ಆನಂದರಾವ್ ಕೌಂಡಿನ್ಯ ಕ್ರೈಸ್ತ ದೀಕ್ಷೆ ಪಡೆದ. ಊರು ಉರಿದೆದ್ದಿತು. ಆದರೆ ಕೌಂಡಿನ್ಯನನ್ನು ಯಾರೂ ಮನೆಗೆ ಎಳೆದು ತರಲಾಗಲಿಲ್ಲ. ಕಾರಣ? ಅವನು ಹುಟ್ಟಿದ್ದು 1825ರಲ್ಲಿ, ಆಗಲೇ ಹದಿನೆಂಟರ ಯುವಕ.

ಇಬ್ಬರದ್ದೂ ಒಂದೇ ಹಟ, ಒಂದೇ ಕಾಲ. ಶ್ರೀಪತಿಯ "ಒಲ್ಲೆ" ಕೋರ್ಟಿನಲ್ಲಿ ಬಿದ್ದುಹೋಯಿತು, ಕೌಂಡಿನ್ಯನದು ನಿಂತಿತು. ನಡುವೆ ಇದ್ದದ್ದು ಆರೇ ವರ್ಷದ ಅಂತರ. ಆದರೆ ಗಮನಿಸಿ, ಕೌಂಡಿನ್ಯನ ಹೆಂಡತಿ ಲಕ್ಷ್ಮಿ ಗಂಡನ ಬಳಿಗೆ ಹೋಗಲೇ ಇಲ್ಲ. "ಹೋಗಲ್ಲ" ಅನ್ನುವುದು ಒಂದೇ ದಿಕ್ಕಿನ ಮಾತಲ್ಲ!

ರುಖ್ಮಾಬಾಯಿ ಅಂದದ್ದೂ ಅದನ್ನೇ

ಇನ್ನು ನಲವತ್ತು ವರ್ಷ ಮುಂದೆ ಬನ್ನಿ. ಮುಂಬೈಯ ರುಖ್ಮಾಬಾಯಿಗೆ ಹನ್ನೊಂದನೇ ವಯಸ್ಸಿನಲ್ಲಿ ದಾದಾಜಿ ಭಿಕಾಜಿ ಜೊತೆ ಮದುವೆಯಾಗಿತ್ತು. ತವರಲ್ಲೇ ಓದಿ ಬೆಳೆದಳು. 1884ರಲ್ಲಿ ಗಂಡ ಕೋರ್ಟಿಗೆ ಹೋದ, ಹೆಂಡತಿಯನ್ನು ಕಳಿಸಿಕೊಡಿ ಅಂತ. ಅವಳು ಹೋಗಲ್ಲ ಅಂದಳು. 1885ರಲ್ಲಿ ನ್ಯಾಯಮೂರ್ತಿ ಪಿನ್ಹಿ ಅವಳ ಪರ ತೀರ್ಪಿತ್ತರು. ಮೇಲ್ಮನವಿಯಲ್ಲಿ ಅದು ಬಿದ್ದು, 1887ರಲ್ಲಿ ನ್ಯಾಯಮೂರ್ತಿ ಫ್ಯಾರನ್ ಅವರ ಆದೇಶ ಬಂತು: ಗಂಡನ ಮನೆಗೆ ಹೋಗು, ಇಲ್ಲವಾದರೆ ಆರು ತಿಂಗಳು ಜೈಲು. ಜೈಲಿಗೇ ಹೋಗ್ತೀನಿ ಅಂದಳು ರುಖ್ಮಾಬಾಯಿ!

ಪುಣೆಯಲ್ಲಿ ಕೂತು ಬಾಲಗಂಗಾಧರ ತಿಲಕರ 'ಕೇಸರಿ' ಅವಳನ್ನು ಕಟುವಾಗಿ ಟೀಕಿಸಿತು. ಕೊನೆಗೆ 1888ರಲ್ಲಿ ಎರಡು ಸಾವಿರ ರೂಪಾಯಿ ಪಡೆದು ಗಂಡ ತನ್ನ ಹಕ್ಕು ಬಿಟ್ಟ. ಅವಳು ಲಂಡನ್ನಿಗೆ ಹೋಗಿ ವೈದ್ಯೆಯಾಗಿ ಮರಳಿ, ದಶಕಗಳ ಕಾಲ ಸೇವೆ ಸಲ್ಲಿಸಿದಳು.

ಇದು ಮಗುವಿನ ಸುಪರ್ದಿಯ ಮೊಕದ್ದಮೆ ಅಲ್ಲ ನಿಜ. ಆದರೆ ಹನ್ನೊಂದನೇ ವಯಸ್ಸಿನಲ್ಲಿ ದೊಡ್ಡವರು ಮಾಡಿಟ್ಟ ಏರ್ಪಾಡನ್ನು ಬೆಳೆದ ಹುಡುಗಿ ಒಪ್ಪಲಿಲ್ಲ ಎಂಬ ಕತೆ. ಮನುಷ್ಯರನ್ನು ಸಾಮಾನಿನ ಹಾಗೆ ಒಪ್ಪಿಸಲು ಕೋರ್ಟು ಆದೇಶ ಬರೆಯಬಹುದು, ಒಪ್ಪಿಸುವುದು ಮಾತ್ರ ಕಷ್ಟ ಅನ್ನೋದು ದೇಶಕ್ಕೆಲ್ಲ ಆಗ ಗೊತ್ತಾಯಿತು.

1890ರ ಕಾಯಿದೆ: ಓಡಿಹೋದ ಮಗುವಿಗೆ ವಾರಂಟು

ಆಮೇಲೆ ಬಂತು 1890ರ ಎಂಟನೇ ಕಾಯಿದೆ, ಪೋಷಕರು ಮತ್ತು ಪಾಲ್ಯರ ಅಧಿನಿಯಮ. ವಕೀಲರ ಬಾಯಲ್ಲಿ 'ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಆಕ್ಟ್'. ಬ್ರಿಟಿಷರು ಹೋದರೂ ಅದು ಹೋಗಲಿಲ್ಲ, ಶಿವಾಜಿನಗರದ ಕೋರ್ಟಿನಲ್ಲೂ ಬೆಂಗಳೂರಿನ ಕೋರ್ಟಿನಲ್ಲೂ ಇವತ್ತಿಗೂ ಅದೇ ಓಡುತ್ತಿದೆ. ನಮ್ಮ ಪ್ರಶ್ನೆಗೆ ಅದರಲ್ಲಿ ಮೂರು ಕಲಮುಗಳು ಮುಖ್ಯ.

17ನೇ ಕಲಮು: ಪೋಷಕರನ್ನು ನೇಮಿಸುವಾಗ ಮಗುವಿನ ಹಿತ ನೋಡಬೇಕು. ತಿಳಿದು ಆಯ್ಕೆ ಮಾಡುವಷ್ಟು ಮಗು ದೊಡ್ಡದಾಗಿದ್ದರೆ ಅದರ ಇಷ್ಟವನ್ನೂ ಕೋರ್ಟು ಪರಿಗಣಿಸಬಹುದು. ಪರಿಗಣಿಸಲೇಬೇಕು ಅಂತಿಲ್ಲ, ಪರಿಗಣಿಸಬಹುದು. ಎಷ್ಟು ವಯಸ್ಸಿಗೆ? ಅದನ್ನೂ ಹೇಳಿಲ್ಲ. ಹಾಗಾಗಿ 1843ರಲ್ಲಿ ಎಳೆದ ಗೆರೆ ಇಲ್ಲಿ ಸ್ವಲ್ಪ ಅಳಿಸಿತು ಅನ್ನಬಹುದು.

25ನೇ ಕಲಮು ಇನ್ನೂ ಸ್ವಾರಸ್ಯದ್ದು. ಪಾಲ್ಯ ಮಗು ಪೋಷಕರ ಸುಪರ್ದಿಯನ್ನು ತಾನೇ ಬಿಟ್ಟುಹೋದರೆ, ಅಥವಾ ಬೇರೆಯವರು ಒಯ್ದರೆ, ಹಿಂತಿರುಗುವುದು ಮಗುವಿನ ಹಿತಕ್ಕೆ ಒಳ್ಳೆಯದು ಎಂದು ಕೋರ್ಟಿಗೆ ಅನ್ನಿಸಿದರೆ ಹಿಂತಿರುಗಿಸುವ ಆದೇಶ ಕೊಡಬಹುದು. ಅದನ್ನು ಜಾರಿ ಮಾಡಲು ಮಗುವನ್ನು ಬಂಧಿಸಿ ತಂದು ಒಪ್ಪಿಸಬಹುದು! ಹೌದು, ಕಾನೂನಿನಲ್ಲಿ ಇರುವ ಪದ ಬಂಧನವೇ. ಅದು ಅಪರಾಧಕ್ಕೆ ಕೊಡುವ ಶಿಕ್ಷೆ ಅಲ್ಲ, ಹುಡುಕಿ ತಂದು ಒಪ್ಪಿಸುವ ಅಧಿಕಾರ. ಆದರೂ "ಬಿಟ್ಟುಹೋದರೆ" ಎಂಬ ಪದವನ್ನು ಗಮನಿಸಿ. ಮಗು ತನ್ನ ಕಾಲ ಮೇಲೆ ತಾನೇ ನಡೆದುಹೋಗಬಹುದು ಎಂದು ಕಾನೂನಿಗೆ 1890ರಲ್ಲೇ ಗೊತ್ತಿತ್ತು.

45ನೇ ಕಲಮು ದೊಡ್ಡವರಿಗೆ. ಮಗು ಯಾರ ಬಳಿ ಇದೆಯೋ ಅವರು, ಅದನ್ನು ಹಿಂತಿರುಗಿಸಲು ತಮ್ಮಿಂದಾದಷ್ಟೂ ಪ್ರಯತ್ನ ಮಾಡದಿದ್ದರೆ ನೂರು ರೂಪಾಯಿವರೆಗೆ ದಂಡ, ಆಮೇಲೆ ದಿನಕ್ಕೆ ಹತ್ತು ರೂಪಾಯಿವರೆಗೆ, ಒಟ್ಟು ಐನೂರು ಮೀರದಂತೆ. ಮಣಿಯುವ ತನಕ ಸಿವಿಲ್ ಜೈಲು. 1890ರಲ್ಲಿ ನೂರು ರೂಪಾಯಿ ಅಂದರೆ ಹುಡುಗಾಟವಲ್ಲ. ಈಗ ಆ ಮೊತ್ತ ಕೇಳಿದರೆ ನಗು ಬರಬಹುದು, ಆದರೆ ಆ ಕಲಮಿನ ತಿರುಳು ಇವತ್ತೂ ಕೆಲಸ ಮಾಡುತ್ತೆ. ಮಗು ಹಟ ಮಾಡಿದರೆ ಕಾನೂನು ಮೊದಲು ದೊಡ್ಡವರ ಮುಖ ನೋಡುತ್ತೆ. ನೀವು ಪ್ರಯತ್ನ ಪಟ್ಟಿರಾ, ಇಲ್ಲ ಒಳಗೊಳಗೇ ಖುಷಿಪಟ್ಟಿರಾ ಅಂತ.

ಸಮುದ್ರದಾಚೆ ಇದ್ದ ಇಬ್ಬರು ಹುಡುಗರು

ಈ ಕಾಯಿದೆಗೆ ದೊಡ್ಡ ಪರೀಕ್ಷೆ ಬಂದದ್ದು ನಮಗೆಲ್ಲ ಗೊತ್ತಿರುವ ಒಬ್ಬರಿಂದ. ಪುಣೆಯಲ್ಲೂ ಬೆಂಗಳೂರಿನಲ್ಲೂ ಮುಂದೆ ಸಾವಿರಾರು ಜನ ಕೂತು ಭಾಷಣ ಕೇಳಿದ ಜಿಡ್ಡು ಕೃಷ್ಣಮೂರ್ತಿ ಅವರಿಂದ. ಪುಣೆಯ ಹತ್ತಿರ ಸಹ್ಯಾದ್ರಿ ಶಾಲೆ, ಬೆಂಗಳೂರಿನ ಹೊರವಲಯದಲ್ಲಿ ವ್ಯಾಲಿ ಸ್ಕೂಲ್ ಅವರ ವಿಚಾರದ ಮೇಲೇ ನಡೆಯುತ್ತಿವೆ. ಆದರೆ ಅವರೇ ಮಗುವಾಗಿದ್ದಾಗ ಅವರ ಮೇಲೆ ನಡೆದ ಮೊಕದ್ದಮೆ ಬಹಳ ಜನಕ್ಕೆ ಗೊತ್ತಿಲ್ಲ.

ತಂದೆ ಜಿಡ್ಡು ನಾರಾಯಣಯ್ಯ ಮದ್ರಾಸಿನ ಅಡಯಾರಿನ ಥಿಯಸಾಫಿಕಲ್ ಸೊಸೈಟಿಯಲ್ಲಿ ಕೆಲಸಕ್ಕಿದ್ದರು. ತಾಯಿಯಿಲ್ಲದ ಮಕ್ಕಳು. 1909ರಲ್ಲಿ ಲೆಡ್‌ಬೀಟರ್ ಎಂಬವರ ಕಣ್ಣಿಗೆ ಕೃಷ್ಣಮೂರ್ತಿ ಬಿದ್ದರು, ಈ ಹುಡುಗ ಮುಂದೆ ಜಗದ್ಗುರುವಾಗುತ್ತಾನೆ ಎಂದು ಸಾರಲಾಯಿತು. 1910ರ ಮಾರ್ಚ್‌ನಲ್ಲಿ ತಂದೆ ಕೃಷ್ಣಮೂರ್ತಿ ಮತ್ತು ತಮ್ಮ ನಿತ್ಯಾನಂದ ಇಬ್ಬರ ಪೋಷಕತ್ವವನ್ನೂ ಆನಿ ಬೆಸಂಟ್‌ರಿಗೆ ಬರೆದುಕೊಟ್ಟರು. ಆಮೇಲೆ ಮನಸ್ಸು ಬದಲಾಯಿತು. ಅಷ್ಟರಲ್ಲಿ, 1912ರಲ್ಲಿ, ಬೆಸಂಟ್ ಹುಡುಗರನ್ನು ಇಂಗ್ಲೆಂಡಿಗೆ ಕರೆದೊಯ್ದಾಗಿತ್ತು.

ತಂದೆ ಮೊಕದ್ದಮೆ ಹೂಡಿದರು. ಅವರ ಪರ ವಕೀಲರು ಸಿ. ಪಿ. ರಾಮಸ್ವಾಮಿ ಅಯ್ಯರ್. ಬೆಸಂಟ್ ತಮ್ಮ ವಾದವನ್ನು ತಾವೇ ಮಾಡಿದರು. 1913ರ ಏಪ್ರಿಲ್‌ನಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಬೇಕ್‌ವೆಲ್ ತಂದೆಯ ಪರ ತೀರ್ಪು ಕೊಟ್ಟರು. ಮೇ 26ರ ಒಳಗೆ ಹುಡುಗರನ್ನು ತಂದೆಗೆ ಒಪ್ಪಿಸಬೇಕು ಎಂದು ಗಡುವು. ಮೇಲ್ಮನವಿಯಲ್ಲೂ ತಂದೆಯದೇ ಗೆಲುವು.

ಆದರೆ ಹುಡುಗರು ಇದ್ದದ್ದು ಸಮುದ್ರದಾಚೆ. ಅವರಿಗೆ ವಾಪಸು ಬರಲು ಮನಸ್ಸಿರಲಿಲ್ಲ. ಗಡುವು ಬಂತು, ಹೋಯಿತು.

ವಿಷಯ ಲಂಡನ್ನಿನ ಪ್ರಿವಿ ಕೌನ್ಸಿಲ್‌ಗೆ ಹೋಯಿತು. 1914ರ ಮೇ ತಿಂಗಳಲ್ಲಿ ಅಲ್ಲಿಂದ ಬಂದ ತೀರ್ಪು ಎಲ್ಲವನ್ನೂ ತಿರುಗಿಸಿಬಿಟ್ಟಿತು. ಹುಡುಗರು ಇಂಗ್ಲೆಂಡಿನಲ್ಲಿರುವಾಗ ಮದ್ರಾಸಿನ ಕೋರ್ಟಿಗೆ ಇದನ್ನು ತೀರ್ಮಾನಿಸುವ ಅಧಿಕಾರವೇ ಇರಲಿಲ್ಲ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ನಮಗೆ ಮುಖ್ಯ: ಹುಡುಗರಿಗೆ ಏನು ಬೇಕು ಎಂದು ಯಾರೂ ಕೇಳಲೇ ಇಲ್ಲ, ಮತ್ತು ಅವರು ಒಪ್ಪದೆ ಆ ಆದೇಶವನ್ನು ಜಾರಿ ಮಾಡುವುದೂ ಸಾಧ್ಯವಿರಲಿಲ್ಲ. ಮಕ್ಕಳು ವಸ್ತುಗಳಲ್ಲ, ಅವರ ಸ್ವಾಧೀನಕ್ಕೆ ಆಸ್ತಿಯ ದಾವೆಯ ಹಾಗೆ ದಾವೆ ಹೂಡಲಾಗದು ಎಂಬ ಸೂತ್ರ ಭಾರತದ ಕಾನೂನಿಗೆ ಗಟ್ಟಿಯಾಗಿ ಇಳಿದದ್ದು ಹೀಗೆ.

ತಂದೆಯ ಕಡೆಯಿಂದ ನೋಡಿದರೆ ಹೊಟ್ಟೆ ಚುರುಕ್ ಅನ್ನುತ್ತೆ. ಎರಡು ಕೋರ್ಟಿನಲ್ಲಿ ಗೆದ್ದ ಮನುಷ್ಯ ಮಕ್ಕಳನ್ನು ಮನೆಗೆ ತರಲಾಗಲಿಲ್ಲ. ಹಾಗಂತ ಮಕ್ಕಳನ್ನು ಹೆಡೆಮುರಿ ಕಟ್ಟಿ ಹಡಗಿಗೆ ಹತ್ತಿಸಿದ್ದರೆ ಅವರು ಸಿಗುತ್ತಿದ್ದರಾ? ನೀವೇ ಹೇಳಿ.

ಶಿವಾಜಿನಗರದ ಬಾಗಿಲು

ಸ್ವಾತಂತ್ರ್ಯ ಬಂದ ಮೇಲೆ 1955ರ ಹಿಂದೂ ವಿವಾಹ ಕಾಯಿದೆಯ 26ನೇ ಕಲಮಿನಲ್ಲಿ ಒಂದು ಒಳ್ಳೆಯ ಮಾತು ಸೇರಿತು: ಮಕ್ಕಳ ಸುಪರ್ದಿ, ಪೋಷಣೆ, ಓದಿನ ಬಗ್ಗೆ ಆದೇಶ ಮಾಡುವಾಗ ಸಾಧ್ಯವಿರುವ ಕಡೆಯೆಲ್ಲ ಮಕ್ಕಳ ಇಚ್ಛೆಗೆ ಹೊಂದುವಂತೆ ಮಾಡಬೇಕು. ಮುಂದಿನ ವರ್ಷದ ಅಪ್ರಾಪ್ತತೆ ಮತ್ತು ಪೋಷಕತ್ವ ಕಾಯಿದೆ ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಎಂದಿತು, ಮಗುವಿನ ಹಿತವೇ ಎಲ್ಲಕ್ಕಿಂತ ಮೇಲು ಎಂದಿತು. 1973ರಲ್ಲಿ ಸುಪ್ರೀಂ ಕೋರ್ಟು ಒಂದು ಹೆಜ್ಜೆ ಮುಂದೆ ಹೋಗಿ, ಮಕ್ಕಳು ತಂದೆತಾಯಿಯ ಸ್ವತ್ತೂ ಅಲ್ಲ, ಆಟಿಕೆಯೂ ಅಲ್ಲ ಎಂಬರ್ಥದ ಮಾತು ಹೇಳಿತು. ಸುಪರ್ದಿಯ ಆದೇಶ ಕಲ್ಲಿನ ಮೇಲೆ ಕೆತ್ತಿದ್ದಲ್ಲ, ಪರಿಸ್ಥಿತಿ ಬದಲಾದರೆ ಅದನ್ನೂ ಬದಲಿಸಬಹುದು ಎಂದೂ ಅದೇ ತೀರ್ಪು ಸ್ಪಷ್ಟ ಮಾಡಿತು.

1984ರಲ್ಲಿ ಕೌಟುಂಬಿಕ ನ್ಯಾಯಾಲಯಗಳ ಕಾಯಿದೆ ಬಂತು. ಕಟಕಟೆ, ಕರಿಕೋಟುಗಳ ಗಡಿಬಿಡಿಯಿಂದ ಮನೆಯ ಜಗಳವನ್ನು ಬೇರೆ ಮಾಡಬೇಕು, ಮೊದಲು ರಾಜಿಗೆ ಪ್ರಯತ್ನಿಸಬೇಕು, ಸಲಹೆಗಾರರು ಇರಬೇಕು, ಬೇಕೆಂದರೆ ಮುಚ್ಚಿದ ಬಾಗಿಲ ಹಿಂದೆ ವಿಚಾರಣೆ ನಡೆಸಬೇಕು ಎಂಬುದು ಅದರ ಆಶಯ. ಪುಣೆಗೆ ಈ ಕೋರ್ಟು ಬಂದದ್ದು 1989ರಲ್ಲಿ. 2017ರಲ್ಲಿ ಅದು ಶಿವಾಜಿನಗರದಲ್ಲಿ ತನ್ನದೇ ಕಟ್ಟಡಕ್ಕೆ ಬಂತು. ನಡುವೆ 1992ರಲ್ಲಿ ಭಾರತ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಸೇರಿಕೊಂಡಿತು. ಅದರ 12ನೇ ವಿಧಿ ಹೇಳುವುದಿಷ್ಟೇ: ತನ್ನ ಅಭಿಪ್ರಾಯ ರೂಪಿಸಿಕೊಳ್ಳಬಲ್ಲ ಮಗುವಿಗೆ ತನಗೆ ಸಂಬಂಧಿಸಿದ ವಿಷಯದಲ್ಲಿ ಮಾತಾಡುವ ಹಕ್ಕಿದೆ, ವಯಸ್ಸು ಮತ್ತು ಪ್ರಬುದ್ಧತೆಗೆ ತಕ್ಕಂತೆ ಆ ಮಾತಿಗೆ ಬೆಲೆ ಕೊಡಬೇಕು.

ಹುಬ್ಬಳ್ಳಿ, ಬೆಳಗಾವಿ, ಸೊಲ್ಲಾಪುರದ ಕಡೆಯಿಂದ ಪುಣೆಗೆ ಕೆಲಸಕ್ಕೆ ಬಂದ ನಮ್ಮವರ ಮನೆಯ ಜಗಳಗಳೂ ಇದೇ ಬಾಗಿಲಿಗೆ ಬರುತ್ತವೆ. ಇಲ್ಲಿ ಇನ್ನೊಂದು ತೊಡಕು. ಅಮ್ಮ ಮಗುವನ್ನು ಕರೆದುಕೊಂಡು ಧಾರವಾಡದ ತವರಿಗೆ ಹೋದಳು ಅನ್ನಿ. ಮೊಕದ್ದಮೆ ಎಲ್ಲಿ ಹಾಕಬೇಕು? ಮಗು ಸಾಮಾನ್ಯವಾಗಿ ಎಲ್ಲಿ ವಾಸವಾಗಿದೆಯೋ ಆ ಜಿಲ್ಲೆಯ ಕೋರ್ಟಿನಲ್ಲಿ ಎನ್ನುತ್ತೆ 1890ರ ಕಾಯಿದೆ. ಸಾಮಾನ್ಯ ವಾಸ ಅಂದರೆ ಯಾವುದು, ಪುಣೆಯ ಫ್ಲ್ಯಾಟೋ, ಧಾರವಾಡದ ಅಜ್ಜಿಮನೆಯೋ? ಅದರ ಮೇಲೇ ವರ್ಷಗಟ್ಟಲೆ ವಾದ ನಡೆಯಬಹುದು. ಅಷ್ಟರಲ್ಲಿ ಮಗು ಎರಡು ಕ್ಲಾಸು ಮುಂದೆ ಹೋಗಿರುತ್ತೆ, ಒಂದು ಊರಿನ ಭಾಷೆ ಮರೆತಿರುತ್ತೆ.

ಎರಡು ಥರದ "ಒಲ್ಲೆ"

ಈಗ ಅಸಲು ವಿಷಯಕ್ಕೆ ಬರೋಣ. ಮಗು ಒಲ್ಲೆ ಅಂದರೆ ಕೋರ್ಟು ಏನು ಮಾಡುತ್ತೆ? ಕೋರ್ಟಿಗೆ ಮೊದಲು ತಿಳಿಯಬೇಕಾದ್ದು ಇದು ಯಾರ ಒಲ್ಲೆ ಎಂಬುದು.

ಒಂದು, ಮಗುವಿನ ಸ್ವಂತ ಒಲ್ಲೆ. ಅದರ ಹಿಂದೆ ಹೆದರಿಕೆ ಇರಬಹುದು, ಅಪರಿಚಿತತೆ ಇರಬಹುದು, ಅಥವಾ ಬರೀ ಭಾನುವಾರದ ಕ್ರಿಕೆಟ್ ಮ್ಯಾಚ್ ಇರಬಹುದು. 2008ರ ಒಂದು ತೀರ್ಪು ನೋಡಿ. ತಾಯಿಯ ಸಾವಿನ ಪ್ರಕರಣದಲ್ಲಿ ಆರೋಪ ಹೊತ್ತಿದ್ದ ತಂದೆಯ ಬಳಿ ಹೋಗಲು ಪುಟ್ಟ ಹುಡುಗ ಒಪ್ಪಲಿಲ್ಲ, ಅಜ್ಜ ಅಜ್ಜಿಯ ಜೊತೆ ಇರುತ್ತೇನೆ ಅಂದ. ಕೆಳಗಿನ ಕೋರ್ಟುಗಳು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಸುಪ್ರೀಂ ಕೋರ್ಟು ಆ ಆದೇಶಗಳನ್ನು ರದ್ದು ಮಾಡಿತು. 2012ರ ಇನ್ನೊಂದು ಪ್ರಕರಣದಲ್ಲಿ ನ್ಯಾಯಮೂರ್ತಿಗಳೇ ಹೆಣ್ಣುಮಕ್ಕಳ ಜೊತೆ ಮಾತಾಡಿದರು. ಮಕ್ಕಳು ತಾಯಿಯ ಬಳಿ ಹೋಗಲು ಸುತರಾಂ ಒಪ್ಪಲಿಲ್ಲ. ಕೋರ್ಟು ಬಲವಂತ ಮಾಡಲಿಲ್ಲ.

ಎರಡು, ಹೇಳಿಕೊಟ್ಟ ಒಲ್ಲೆ. ಒಂದು ಮನೆಯಲ್ಲಿ ವರ್ಷಗಟ್ಟಲೆ ಇದ್ದ ಮಗುವಿನ ಕಿವಿಗೆ ಇನ್ನೊಬ್ಬರ ಬಗ್ಗೆ ವಿಷ ಹಾಕುತ್ತಾ ಬಂದರೆ ಅದು ಮಗುವಿನ ಬಾಯಿಂದ ಮಗುವಿನದೇ ಮಾತಾಗಿ ಹೊರಬರುತ್ತೆ. 2017ರಲ್ಲಿ ತಂದೆಯ ಬಳಿ ಬೆಳೆದ ಪುಟ್ಟ ಹುಡುಗಿಯ ವಿಷಯದಲ್ಲಿ ಸುಪ್ರೀಂ ಕೋರ್ಟು ಇದನ್ನು ವಿವರವಾಗಿ ಚರ್ಚಿಸಿತು. ಮಗುವಿನ ಸದ್ಯದ ಇಷ್ಟವೊಂದನ್ನೇ ನೋಡದೆ ತಾಯಿಯ ಜೊತೆ ಇರಲು ಅವಕಾಶ ಮಾಡಿಕೊಟ್ಟಿತು. ಆದರೆ 2024ರ ಮೇ ತಿಂಗಳಲ್ಲಿ ಅದೇ ಕೋರ್ಟು ಎಚ್ಚರಿಕೆಯನ್ನೂ ಕೊಟ್ಟಿತು: ಮಗು ಒಬ್ಬರನ್ನು ಒಲ್ಲೆ ಅಂದ ಮಾತ್ರಕ್ಕೆ ಇನ್ನೊಬ್ಬರು ತಲೆ ಕೆಡಿಸಿದ್ದಾರೆ ಎಂದು ಹಣೆಪಟ್ಟಿ ಹಚ್ಚಬೇಡಿ, ನಿಜವಾದ ನಡವಳಿಕೆಗೆ ಪುರಾವೆ ನೋಡಿ.

ಎಲ್ಲಕ್ಕಿಂತ ಯೋಚಿಸುವಂತೆ ಮಾಡುವುದು 2025ರ ಜುಲೈನ ತೀರ್ಪು. ಹಿಂದಿನ ವರ್ಷ ಸುಪ್ರೀಂ ಕೋರ್ಟೇ ಒಬ್ಬ ಹುಡುಗನನ್ನು ತಂದೆಯ ಸುಪರ್ದಿಗೆ ಕೊಡುವ ಆದೇಶವನ್ನು ಎತ್ತಿಹಿಡಿದಿತ್ತು. ತಾಯಿಯನ್ನು ಬಿಡಬೇಕು ಎಂದು ಗೊತ್ತಾದ ಮೇಲೆ ಹುಡುಗನ ಮನಸ್ಸಿನ ಆರೋಗ್ಯ ಹದಗೆಟ್ಟಿತು. ವೈದ್ಯರ ವರದಿಗಳು ಕೋರ್ಟಿನ ಮುಂದೆ ಬಂದವು. ದೇಶದ ಅತ್ಯುನ್ನತ ನ್ಯಾಯಾಲಯ ತನ್ನದೇ ಆದೇಶವನ್ನು ಹಿಂತೆಗೆದುಕೊಂಡು ಹುಡುಗನನ್ನು ತಾಯಿಯ ಬಳಿಯೇ ಉಳಿಸಿತು, ತಂದೆಗೆ ಭೇಟಿಯ ಹಕ್ಕು ಕೊಟ್ಟಿತು. 1843ರ ಶ್ರೀಪತಿಯಿಂದ ಇಲ್ಲಿಗೆ ನೂರೆಂಬತ್ತೆರಡು ವರ್ಷದ ದಾರಿ.

ನಮ್ಮ ಕರ್ನಾಟಕದ್ದೂ ಒಂದು ಹೇಳಿಬಿಡ್ತೀನಿ. 2013ರಲ್ಲಿ ಕರ್ನಾಟಕ ಹೈಕೋರ್ಟು ಹನ್ನೆರಡು ವರ್ಷದ ಹುಡುಗನಿಗೆ ವರ್ಷವನ್ನೇ ಎರಡು ಪಾಲು ಮಾಡಿತು. ಜನವರಿಯಿಂದ ಜೂನ್ ತಂದೆಯ ಬಳಿ, ಜುಲೈಯಿಂದ ಡಿಸೆಂಬರ್ ತಾಯಿಯ ಬಳಿ. ಓದಿನ ಖರ್ಚು ಇಬ್ಬರದ್ದೂ ಅರ್ಧರ್ಧ, ವಾರಾಂತ್ಯದಲ್ಲಿ ಇನ್ನೊಬ್ಬರ ಭೇಟಿ, ಜೊತೆಗೆ ಫೋನು, ವಿಡಿಯೊ ಮಾತು. ಕಾನೂನು ಆಯೋಗ 2015ರಲ್ಲಿ ಜಂಟಿ ಸುಪರ್ದಿಯನ್ನು ಕಾಯಿದೆಗೆ ಸೇರಿಸಿ ಎಂದು ತನ್ನ 257ನೇ ವರದಿಯಲ್ಲಿ ಶಿಫಾರಸು ಮಾಡಿದಾಗ ಈ ತೀರ್ಪನ್ನೂ ಉಲ್ಲೇಖಿಸಿತು.

ಹಾಗಾದರೆ ಮುಂದಿನ ಶನಿವಾರ?

ನಿಮ್ಮ ಮನೆಯಲ್ಲೋ, ನಿಮ್ಮ ತಂಗಿಯ ಮನೆಯಲ್ಲೋ, ಪಕ್ಕದ ಫ್ಲ್ಯಾಟಿನಲ್ಲೋ ಇಂಥದ್ದು ನಡೆಯುತ್ತಿರಬಹುದು. ಚರಿತ್ರೆಯ ಪಾಠವನ್ನು ನಾಲ್ಕು ಮಾತಲ್ಲಿ ಕಟ್ಟಿಕೊಡುವುದಾದರೆ ಹೀಗೆ.

ಮೊದಲನೆಯದು, ಮಗು ಅಪರಾಧಿಯಲ್ಲ. ಭೇಟಿಗೆ ಹೋಗಲ್ಲ ಅಂದ ಮಗುವಿಗೆ ಶಿಕ್ಷೆ ಕೊಡುವ ಕಲಮು ಎಲ್ಲೂ ಇಲ್ಲ. "ನೀನು ಹೋಗದಿದ್ದರೆ ಪೊಲೀಸ್ ಬರ್ತಾರೆ" ಎಂದು ಹೆದರಿಸುವ ಅಜ್ಜ, ಅತ್ತೆಯರಿಗೆ ಇದನ್ನು ಓದಿ ಹೇಳಿ.

ಎರಡನೆಯದು, ಆದೇಶ ಬಿಗಿಯುವುದು ದೊಡ್ಡವರನ್ನು. ಮಗು ಯಾರ ಬಳಿ ಇದೆಯೋ ಅವರು ಅದನ್ನು ಹೊರಡಿಸಿ, ಕರೆದುಕೊಂಡು ಹೋಗಿ, ಮನಸ್ಸಿಟ್ಟು ಪ್ರಯತ್ನಿಸಬೇಕು. ಬೇಕೆಂದೇ ತಪ್ಪಿಸುತ್ತಿದ್ದಾರೆ ಎಂದು ಕೋರ್ಟಿಗೆ ಅನ್ನಿಸಿದರೆ ನ್ಯಾಯಾಂಗ ನಿಂದನೆಯಿಂದ ಹಿಡಿದು ಸುಪರ್ದಿಯೇ ಕೈತಪ್ಪುವವರೆಗೆ ಏನೂ ಆಗಬಹುದು. "ಅವನೇ ಬರಲ್ಲ ಅಂತಾನೆ, ನಾನೇನು ಮಾಡಲಿ" ಎಂಬ ಒಂದೇ ವಾಕ್ಯ ಕೋರ್ಟಿನಲ್ಲಿ ಸಾಕಾಗುವುದಿಲ್ಲ.

ಮೂರನೆಯದು, ನೀವು ಕಾಯುತ್ತಾ ನಿಂತ ಕಡೆಯವರಾದರೆ, ಕಾಗದ ಹಿಡಿದು ಮಗುವನ್ನು ಎಳೆಯಬೇಡಿ. ಕೋರ್ಟಿಗೇ ವಾಪಸು ಹೋಗಿ ಅರ್ಜಿ ಕೊಡಿ. ಸಲಹೆಗಾರರು ಮಗುವಿನ ಜೊತೆ ಮಾತಾಡುತ್ತಾರೆ, ನ್ಯಾಯಾಧೀಶರೇ ಕೊಠಡಿಗೆ ಕರೆದು ಮಾತಾಡಿಸಬಹುದು. ಮನೆಯ ಬದಲು ಕೋರ್ಟಿನ ಆವರಣದಲ್ಲೇ ಒಂದೆರಡು ತಾಸಿನ ಭೇಟಿ, ಆಮೇಲೆ ಅರ್ಧ ದಿನ, ಆಮೇಲೆ ಒಂದು ರಾತ್ರಿ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಬಿಗುಪು ಸಡಿಲಿಸುವುದುಂಟು. ಏರ್ಪಾಡು ಮಗುವಿಗೆ ಆಗಿಬರದಿದ್ದರೆ ಅದನ್ನು ಬದಲಿಸಲು ಕೇಳುವ ದಾರಿ ಸದಾ ತೆರೆದಿರುತ್ತೆ.

ನಾಲ್ಕನೆಯದು, ವಯಸ್ಸು. ಹದಿನೆಂಟಕ್ಕೆ ಎಲ್ಲ ಮುಗಿಯಿತು. ಕೋರ್ಟು ಪೋಷಕರನ್ನು ನೇಮಿಸಿದ್ದರೆ ಹಿಂದೆ ಇಪ್ಪತ್ತೊಂದರವರೆಗೂ ಕಾಯಬೇಕಿತ್ತು, 1999ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ಹದಿನೆಂಟು ದಾಟಿದ ಮಗನಿಗೋ ಮಗಳಿಗೋ ಯಾವ ಶನಿವಾರದ ಆದೇಶವೂ ಇಲ್ಲ. ಆಗ ಅವರು ನಿಮ್ಮ ಮನೆಯ ಗಂಟೆ ಒತ್ತಿದರೆ, ಇಷ್ಟವಾಗಿ ಒತ್ತಿದರು ಅಂತಲೇ ಅರ್ಥ.

ನಾರಾಯಣಯ್ಯನವರು ಎರಡು ಕೋರ್ಟಿನಲ್ಲಿ ಗೆದ್ದು ಮಕ್ಕಳನ್ನು ಕಳೆದುಕೊಂಡರು. ಶ್ರೀಪತಿಯ ತಂದೆ ಮಗನನ್ನು ಗೆದ್ದರು, ಊರು ಆ ಮಗನನ್ನು ಹೊರಗೆ ನಿಲ್ಲಿಸಿತು. ಇಬ್ಬರ ಕೈಯಲ್ಲೂ ಆದೇಶ ಇತ್ತು. ಅದಕ್ಕೇ ಹೇಳಿದ್ದು, ಆದೇಶ ಇರುವುದು ಕಾಗದದ ಮೇಲೆ, ಮಗು ನಿಂತಿರುವುದು ತನ್ನ ಕಾಲ ಮೇಲೆ. ಹದಿನೆಂಟರ ನಂತರದ ಆ ಗಂಟೆಗೆ ಬೇಕಾದ ತಯಾರಿ ಶುರುವಾಗುವುದು ಈ ವಾರದ ಶನಿವಾರದಿಂದ. ಇನ್ನೊಬ್ಬರ ಬಗ್ಗೆ ಮಗುವಿನ ಎದುರು ಆಡದೆ ನುಂಗಿಕೊಂಡ ಒಂದು ಮಾತಿನಿಂದಲೇ ಶುರು ಮಾಡಬಹುದು.

ಮತ್ತೆ ಸಿಗೋಣ. ಅಲ್ಲಿಯವರೆಗೆ ಕೇಳ್ತಾ ಇರಿ, ಮಕ್ಕಳ ಮಾತನ್ನೂ!